‘ಪ್ಯಾರನಾಯ್ಡ್’ ಮುಖಪುಟಕ್ಕೆ ಕತ್ತಿ ಹಿಡಿದವನು ಬಂದದ್ದು ಹೇಗೆ?

ಕತ್ತಲು ಕವಿದ ಕಾಡಿನಲ್ಲಿ ಶಿರಸ್ತ್ರಾಣ ತೊಟ್ಟವನೊಬ್ಬ ಗುರಾಣಿ ಹಿಡಿದು, ಕತ್ತಿ ಎತ್ತಿ, ಮರದ ಮರೆಯಿಂದ ನುಗ್ಗಿ ಬರುತ್ತಿದ್ದಾನೆ. ಅವನ ಆಕೃತಿ ಒಂದರ ಮೇಲೊಂದು ಬಿದ್ದ ನೆರಳಿನಂತೆ ಕದಡಿದೆ. ಬ್ರಿಟನ್ನಿನ ರಾಕ್ ಸಂಗೀತ ತಂಡ ಬ್ಲ್ಯಾಕ್ ಸಬ್ಬತ್‌ನ ಎರಡನೆಯ ಆಲ್ಬಂ ‘ಪ್ಯಾರನಾಯ್ಡ್’ನ ಮುಖಪುಟವಿದು. ಶಂಕೆಯ ವ್ಯಾಧಿಯನ್ನು ಸೂಚಿಸುವ ಆ ಹೆಸರಿಗೂ ಈ ಯೋಧನಿಗೂ ಯಾವ ನಂಟೂ ಕಾಣುವುದಿಲ್ಲ. ಚಿತ್ರ ಸಿದ್ಧವಾದದ್ದು ಆಲ್ಬಮ್ಮಿಗೆ ಮೊದಲು ಇಡಬೇಕೆಂದಿದ್ದ, ಅದರದೇ ಹಾಡೊಂದರ ಹೆಸರಾದ ‘ವಾರ್ ಪಿಗ್ಸ್’, ಅಂದರೆ ‘ಯುದ್ಧದ ಹಂದಿಗಳು’, ಎಂಬುದಕ್ಕಾಗಿ.

ಆ ಹಾಡಿನ ಹೆಸರೂ ಮೊದಲಿನಿಂದ ಅದೇ ಆಗಿರಲಿಲ್ಲ. 1970ರ ಏಪ್ರಿಲ್‌ನಲ್ಲಿ ಬಿಬಿಸಿ ರೇಡಿಯೊಗಾಗಿ ನುಡಿಸಿದಾಗ ಅದು ‘ವಾಲ್ಪುರ್ಗಿಸ್’ (ಮಾಟಗಾತಿಯರು ಕೂಡುವರೆನ್ನಲಾದ ರಾತ್ರಿ) ಆಗಿತ್ತು, ಸಾಹಿತ್ಯವೂ ಬೇರೆಯಿತ್ತು. ಆಲ್ಬಮ್ಮಿಗೆ ಬರುವಷ್ಟರಲ್ಲಿ, ಬಾಸ್ ಗಿಟಾರ್ ವಾದಕ ಗೀಜರ್ ಬಟ್ಲರ್ ಅವರ ಸಾಲುಗಳು, ಬಡವರನ್ನು ರಣರಂಗಕ್ಕೆ ಅಟ್ಟಿ ತಾವು ಅಡಗಿ ಕೂರುವ ರಾಜಕಾರಣಿಗಳ ಮೇಲಿನ ನೇರ ಆರೋಪವಾಗಿದ್ದವು. ವಿಯೆಟ್ನಾಂ ಯುದ್ಧ ಆಗಿನ್ನೂ ಮುಗಿದಿರಲಿಲ್ಲ.

ಮೊದಲ ಆಲ್ಬಂ ಹೊರಬಂದು ನಾಲ್ಕು ತಿಂಗಳಾಗುವಷ್ಟರಲ್ಲಿ, ಜೂನ್‌ನಲ್ಲಿ, ತಂಡ ನಿರ್ಮಾಪಕ ರಾಡ್ಜರ್ ಬೇನ್ ಅವರೊಂದಿಗೆ ಲಂಡನ್ನಿನಲ್ಲಿ ಮತ್ತೆ ಧ್ವನಿಮುದ್ರಣಕ್ಕೆ ಕುಳಿತಿತು. ಇದ್ದ ಹಾಡುಗಳು ಆಲ್ಬಮ್ಮಿಗೆ ಸಾಲಲಿಲ್ಲ. ಇನ್ನೊಂದು ಚಿಕ್ಕ ಹಾಡು ಬೇಕೆಂದಾಗ ಗಿಟಾರ್ ವಾದಕ ಟೋನಿ ಅಯೋಮಿ ಅಲ್ಲೇ ಒಂದು ರಿಫ್, ಅಂದರೆ ಮರುಕಳಿಸುವ ಚಿಕ್ಕ ಗಿಟಾರ್ ಸ್ವರಗುಚ್ಛ, ಹುಡುಕಿದರು, ಬಟ್ಲರ್ ಅವಸರದಲ್ಲಿ ಸಾಹಿತ್ಯ ಬರೆದರು, ಆಜಿ ಆಸ್ಬರ್ನ್ ಹಾಡಿದರು. ಹೀಗೆ ಜಾಗ ತುಂಬಲೆಂದು ಹುಟ್ಟಿದ, ಮೂರು ನಿಮಿಷವೂ ಇಲ್ಲದ ಹಾಡೇ ‘ಪ್ಯಾರನಾಯ್ಡ್’. ವಿಶೇಷವೆಂದರೆ, ಆ ಪದ ಹಾಡಿನೊಳಗೆ ಒಮ್ಮೆಯೂ ಬರುವುದಿಲ್ಲ.

ಈ ಹಾಡಿನ ಸಿಂಗಲ್, ಅಂದರೆ ಬಿಡಿಯಾಗಿ ಹೊರಬಂದ ಧ್ವನಿಮುದ್ರಿಕೆ, ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೇರಿತು. ಆಲ್ಬಮ್ಮಿಗೂ ಅದೇ ಹೆಸರಿಡುವಂತೆ ಮಾಡಿದ್ದು ಧ್ವನಿಮುದ್ರಣ ಕಂಪನಿ. ಯುದ್ಧದ ಬೆಂಬಲಿಗರು ಕೆರಳುತ್ತಾರೆಂಬ ಅಂಜಿಕೆಯೇ ಕಾರಣವೆಂದು ಕೆಲವರು, ಸಿಂಗಲ್‌ನ ಯಶಸ್ಸೇ ಕಾರಣವೆಂದು ಇನ್ನು ಕೆಲವರು ಹೇಳುತ್ತಾರೆ. ಎರಡೂ ನಿಜವಿರಬಹುದು. ಆದರೆ ಎಂಟು ರಚನೆಗಳ ಈ ಆಲ್ಬಮ್ಮಿನಲ್ಲಿ ‘ಎಲೆಕ್ಟ್ರಿಕ್ ಫ್ಯೂನರಲ್’ ಅಣುಯುದ್ಧದ ವಿನಾಶವನ್ನೂ ‘ಹ್ಯಾಂಡ್ ಆಫ್ ಡೂಮ್’ ಹೆರಾಯಿನ್‌ಗೆ ಬಲಿಯಾದ ಅಮೆರಿಕದ ಸೈನಿಕರ ಪಾಡನ್ನೂ ಹೇಳುವಾಗ, ಅದಕ್ಕೆ ಒಪ್ಪುತ್ತಿದ್ದದ್ದು ಹಳೆಯ ಹೆಸರೇ ಎಂಬುದು ನನ್ನ ದೃಢ ಅಭಿಪ್ರಾಯ.

1970ರ ಸೆಪ್ಟೆಂಬರ್ 18ರಂದು ಬ್ರಿಟನ್ನಿನಲ್ಲಿ ಬಿಡುಗಡೆಯಾದ ಆಲ್ಬಂ ಅಲ್ಲಿನ ಆಲ್ಬಂ ಪಟ್ಟಿಯ ಅಗ್ರಸ್ಥಾನಕ್ಕೇರಿತು. ತಂಡಕ್ಕೆ ಆ ಸ್ಥಾನ ಮತ್ತೆ ಸಿಕ್ಕಿದ್ದು 2013ರಲ್ಲಿ. ಹೆಸರು ಬದಲಾದರೂ ಚಿತ್ರ ಬದಲಾಗಲಿಲ್ಲ, ಹಾಡುಗಳ ಸರದಿಯೂ ಬದಲಾಗಲಿಲ್ಲ. ಇಂದಿಗೂ ಆಲ್ಬಂ ತೆರೆದುಕೊಳ್ಳುವುದು ‘ವಾರ್ ಪಿಗ್ಸ್’ನಿಂದಲೇ: ಭಾರವಾದ ಗಿಟಾರ್ ನಿಧಾನವಾಗಿ ಸಾಗುತ್ತಿದ್ದಂತೆ, ಅದರ ಮೇಲೆ ವಾಯುದಾಳಿಯ ಸೈರನ್ ಏಳುತ್ತದೆ.