ಚಾರ್ಜರ್ ಯಾರದಾದರೇನು? ದಪ್ಪ ಪಿನ್ನಿನಿಂದ ಟೈಪ್‌-ಸಿವರೆಗಿನ ಹಾದಿ

ಬೇರೆ ಕಂಪನಿಯ ಚಾರ್ಜರ್ ಹಾಕಿದರೆ ಫೋನ್ ಕೆಡುತ್ತದೆಯೇ? ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ, ಪಿ.ಜಿ. ಕೋಣೆಗಳಲ್ಲಿ, ಆಫೀಸುಗಳಲ್ಲಿ ಈ ಪ್ರಶ್ನೆ ಇನ್ನೂ ಓಡಾಡುತ್ತಲೇ ಇದೆ. ಸರಿಯಾಗಿ ತಯಾರಾದ ಚಾರ್ಜರ್ ಯಾವ ಕಂಪನಿಯದಾದರೂ ಇಂದಿನ ಫೋನಿಗೆ ಹಾಕಬಹುದು. ಹೆಚ್ಚೆಂದರೆ ಚಾರ್ಜ್ ನಿಧಾನವಾಗುತ್ತದೆ. ಕೆಟ್ಟದಾಗಿ ತಯಾರಾದ ಚಾರ್ಜರ್ ಮಾತ್ರ ಯಾವ ಫೋನಿಗೂ ಸಲ್ಲದು, ಅದರ ಮೇಲೆ ನಿಮ್ಮ ಫೋನಿನ ಹೆಸರೇ ಅಚ್ಚಾಗಿದ್ದರೂ ಅಷ್ಟೆ. ಜನ ಮೊದಲನೆಯದಕ್ಕೆ ಹೆದರಿ ಎರಡನೆಯದನ್ನು ಮರೆಯುತ್ತಾರೆ. ಆ ಹೆದರಿಕೆಗೂ ಒಂದು ಕಾಲದಲ್ಲಿ ಕಾರಣವಿತ್ತು.

ನೋಕಿಯಾ ಮನೆಮಾತಾಗಿದ್ದ ದಿನಗಳಲ್ಲಿ ಚಾರ್ಜರ್ ಕೇಳುವಾಗ ‘ದಪ್ಪ ಪಿನ್ನೋ ಸಣ್ಣ ಪಿನ್ನೋ’ ಎಂದೇ ಕೇಳುತ್ತಿದ್ದರು. ದಪ್ಪದ್ದು 3.5 ಮಿ.ಮೀ., ಸಣ್ಣದ್ದು 2 ಮಿ.ಮೀ. ದಪ್ಪ ಪಿನ್ನಿನಲ್ಲೇ ಎರಡು ಬಗೆ: ಭಾರದ ಎಸಿಪಿ-7 ಚಾರ್ಜರಿನ ಮೇಲೆ 3.7 ವೋಲ್ಟ್, 355 ಮಿಲಿಆಂಪಿಯರ್ ಎಂದಿದ್ದರೆ, ಹಗುರವಾದ ಎಸಿಪಿ-12ರ ಮೇಲೆ 5.7 ವೋಲ್ಟ್, 800 ಮಿಲಿಆಂಪಿಯರ್. ಸೋನಿ ಎರಿಕ್ಸನ್, ಸ್ಯಾಮ್‌ಸಂಗ್, ಮೊಟೊರೊಲಾ ಫೋನುಗಳಿಗೆ ಬೇರೆ ಬೇರೆ ಮೂತಿ, ಬೇರೆ ಲೆಕ್ಕ. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇದ್ದ ಅಗ್ಗದ ಚಾರ್ಜರುಗಳಲ್ಲಂತೂ ವೋಲ್ಟೇಜು ಸ್ಥಿರವಾಗಿರುತ್ತಿರಲಿಲ್ಲ. ಫೋನು ಎಳೆಯುವ ಕರೆಂಟು ಕಡಿಮೆಯಾದಷ್ಟೂ ಏರುತ್ತಿತ್ತು. ಫುಟ್‌ಪಾತಿನಲ್ಲಿ ಸಿಗುತ್ತಿದ್ದ ಹತ್ತು ಮೂತಿಯ ಕೇಬಲನ್ನು ಅಂಥದ್ದಕ್ಕೆ ಸಿಕ್ಕಿಸಿ, ಇನ್ಯಾವುದೋ ಫೋನಿಗೆ ಕೊಟ್ಟರೆ ಕೆಡುವ ಸಾಧ್ಯತೆ ನಿಜವಾಗಿಯೂ ಇತ್ತು.

ಆ ಕಾಲದ ಇನ್ನೊಂದು ವಸ್ತು ಕ್ಲಿಪ್ ಚಾರ್ಜರ್. ಬ್ಯಾಟರಿಯನ್ನು ಫೋನಿನಿಂದ ಬಿಚ್ಚಿ, ಎರಡು ತಂತಿಯ ಕಡ್ಡಿಗಳನ್ನು ಪ್ಲಸ್‌, ಮೈನಸ್‌ಗೆ ತಾಗಿಸಿ, ಕ್ಲಿಪ್ಪಿನಲ್ಲಿ ಒತ್ತಿಟ್ಟರೆ ಬಣ್ಣದ ದೀಪಗಳು ಮಿನುಗುತ್ತಿದ್ದವು. ಅದರ ಅಪಾಯ ಅರ್ಥವಾದರೆ ಇಡೀ ವಿಷಯ ಅರ್ಥವಾದಂತೆ. ಲಿಥಿಯಂ ಬ್ಯಾಟರಿಯನ್ನು ಮೊದಲು ಸ್ಥಿರ ಕರೆಂಟಿನಲ್ಲಿ ತುಂಬಿಸಬೇಕು, 4.2 ವೋಲ್ಟ್ ತಲುಪಿದ ಮೇಲೆ ವೋಲ್ಟೇಜನ್ನು ಅಲ್ಲೇ ಹಿಡಿದು ಕರೆಂಟನ್ನು ಇಳಿಸುತ್ತಾ ಹೋಗಬೇಕು. (ಇಂದಿನ ಹಲವು ಬ್ಯಾಟರಿಗಳಲ್ಲಿ ಈ ಮಿತಿ 4.4 ವೋಲ್ಟಿನ ಆಸುಪಾಸು.) ಬ್ಯಾಟರಿ ಬಿಸಿಯಾದರೆ ನಿಲ್ಲಿಸಬೇಕು. ಈ ಕೆಲಸವನ್ನೆಲ್ಲ ಮಾಡುವ ಚಿಪ್ ಇರುವುದು ಫೋನಿನೊಳಗೆ. ಗೋಡೆಗೆ ಸಿಕ್ಕಿಸುವ ಡಬ್ಬಿಯನ್ನು ಚಾರ್ಜರ್ ಎನ್ನುತ್ತೇವಾದರೂ ಅದು ಬರೀ ಅಡಾಪ್ಟರ್. ಕ್ಲಿಪ್ ಚಾರ್ಜರ್ ಫೋನಿನ ಆ ಚಿಪ್ಪನ್ನೇ ಬದಿಗಿಟ್ಟು ನೇರ ಬ್ಯಾಟರಿಗೆ ಕೈ ಹಾಕುತ್ತಿತ್ತು. ಉಬ್ಬಿದ ಬ್ಯಾಟರಿಗಳನ್ನು ಆ ಕಾಲದವರು ಮರೆತಿರಲಾರರು.

ಬದಲಾವಣೆ ಬಂದದ್ದು ಕಂಪ್ಯೂಟರಿನ ಕಡೆಯಿಂದ. ಯುಎಸ್‌ಬಿ ಪೋರ್ಟ್ 5 ವೋಲ್ಟ್ ಕೊಡುತ್ತಿತ್ತು. ಯುಎಸ್‌ಬಿ 2.0 ನಿಯಮದ ಪ್ರಕಾರ ಸಾಧನವು ಕಂಪ್ಯೂಟರಿನೊಂದಿಗೆ ಮಾತಾಡುವ ಮೊದಲು 100 ಮಿಲಿಆಂಪಿಯರ್, ಮಾತಾಡಿದ ಮೇಲೆ 500 ಎಳೆಯಬಹುದು. ಗೋಡೆಯ ಅಡಾಪ್ಟರ್ ಮಾತಾಡುವುದಿಲ್ಲವಲ್ಲ, ಅದನ್ನು ಗುರುತಿಸುವುದು ಹೇಗೆ? ಚೀನಾ 2006ರ ಡಿಸೆಂಬರಿನಲ್ಲಿ ತಂದ ಮಾನಕವೂ ಮುಂದಿನ ವರ್ಷ ಬಂದ ಯುಎಸ್‌ಬಿ ಬ್ಯಾಟರಿ ಚಾರ್ಜಿಂಗ್ ನಿಯಮವೂ ಒಂದೇ ಉಪಾಯ ಹೇಳಿದವು: ಅಡಾಪ್ಟರಿನೊಳಗೆ ಎರಡು ಡೇಟಾ ತಂತಿಗಳನ್ನು ಒಂದಕ್ಕೊಂದು ಸೇರಿಸಿಬಿಡಿ. ಅವು ಸೇರಿರುವುದು ಕಂಡರೆ ಫೋನು ಧೈರ್ಯವಾಗಿ 1.5 ಆಂಪಿಯರ್‌ವರೆಗೆ ಎಳೆಯುತ್ತದೆ. ಆ್ಯಪಲ್ ಮಾತ್ರ ಬೇರೆ ದಾರಿ ಹಿಡಿದು, ಡೇಟಾ ತಂತಿಗಳ ಮೇಲೆ 2.0, 2.7 ವೋಲ್ಟುಗಳ ಜೋಡಣೆಯಿಂದ 1 ಆಂಪಿಯರೋ 2.1 ಆಂಪಿಯರೋ ಎಂದು ತಿಳಿಸುತ್ತಿತ್ತು. ಒಂದೇ ಆಕಾರದ ಪೋರ್ಟ್ ಇದ್ದರೂ ಕೆಲವು ಅಡಾಪ್ಟರಿನಲ್ಲಿ ಕೆಲವು ಫೋನು ಆಮೆಯಂತೆ ಚಾರ್ಜ್ ಆಗುತ್ತಿದ್ದುದಕ್ಕೆ ಕಾರಣ ಇಷ್ಟೆ. ಗುರುತು ಸಿಗದಿದ್ದರೆ ಫೋನು 500 ಮಿಲಿಆಂಪಿಯರಿಗೇ ನಿಲ್ಲುತ್ತದೆ.

2009ರ ಜೂನ್‌ನಲ್ಲಿ ಹತ್ತು ತಯಾರಕರು ಯುರೋಪಿಯನ್ ಕಮಿಷನ್‌ ಎದುರು ಮೈಕ್ರೋ ಯುಎಸ್‌ಬಿಗೆ ಒಪ್ಪಿದರು. ಅಲ್ಲಿಗೆ ‘ಯಾರ ಚಾರ್ಜರ್’ ಎಂಬ ಪ್ರಶ್ನೆ ಬಹುಮಟ್ಟಿಗೆ ಮುಗಿದಿತ್ತು. ‘2 ಆಂಪಿಯರ್ ಚಾರ್ಜರ್ 1 ಆಂಪಿಯರ್ ಫೋನನ್ನು ಸುಡುತ್ತದೆ’ ಎಂಬ ನಂಬಿಕೆ ಮಾತ್ರ ಇಂದಿಗೂ ಹೋಗಿಲ್ಲ. ಅಡಾಪ್ಟರಿನ ಮೇಲಿನ ಆಂಪಿಯರ್ ಎಂದರೆ ಅದು ಕೊಡಬಲ್ಲ ಗರಿಷ್ಠ. ಎಷ್ಟು ಎಳೆಯಬೇಕೆಂದು ತೀರ್ಮಾನಿಸುವುದು ಫೋನು. ತೊಂದರೆ ಇರುವುದು ಇದರ ತದ್ವಿರುದ್ಧದಲ್ಲಿ: 500 ಮಿಲಿಆಂಪಿಯರಿನ ಬಡ ಅಡಾಪ್ಟರಿಗೆ ಹೆಚ್ಚು ಎಳೆಯುವ ಫೋನು ಹಾಕಿದರೆ ಅಡಾಪ್ಟರ್ ಬಿಸಿಯಾಗುತ್ತದೆ.

ಇಷ್ಟರಲ್ಲಿ ಬ್ಯಾಟರಿಗಳು ದೊಡ್ಡದಾದವು, 5 ವೋಲ್ಟ್ ಸಾಲದಾಯಿತು. ಕ್ವಾಲ್ಕಾಮ್‌ನ ಕ್ವಿಕ್ ಚಾರ್ಜ್ 2.0 ವೋಲ್ಟೇಜನ್ನೇ 9, 12ಕ್ಕೆ ಏರಿಸಿತು, ಅದೂ ಫೋನು ಕೇಳಿದ ಮೇಲಷ್ಟೇ. ಒಪ್ಪೊ 2014ರಲ್ಲಿ ತಂದ ‘ವೂಕ್’ ಎಂಬ ತಂತ್ರ ವೋಲ್ಟೇಜನ್ನು 5ರ ಸುತ್ತಲೇ ಉಳಿಸಿ ಕರೆಂಟನ್ನು 4 ಆಂಪಿಯರಿಗೆ ಏರಿಸಿತು. ಅದಕ್ಕೆ ದಪ್ಪ ತಂತಿಯ ತನ್ನದೇ ಕೇಬಲ್ ಬೇಕು. ಇಂದಿನ 67, 80, 120 ವ್ಯಾಟ್ ಅಡಾಪ್ಟರುಗಳಲ್ಲಿ ಹಲವು ಇಂಥ ಸ್ವಂತ ಭಾಷೆಯವು. ಅವನ್ನು ಬೇರೆ ಕಂಪನಿಯ ಫೋನಿಗೆ ಹಾಕಿದರೆ ಸುಡುವುದಿಲ್ಲ. ಭಾಷೆ ಹೊಂದದೆ ಎರಡೂ ಸಾದಾ 5 ವೋಲ್ಟಿಗೆ ಮರಳುತ್ತವೆ. 80 ವ್ಯಾಟ್ ಎಂದು ಬರೆದಿದ್ದರೂ ಸಿಗುವುದು ಹೆಚ್ಚು ಕಡಿಮೆ ಹತ್ತು ವ್ಯಾಟ್.

2014ರಲ್ಲಿ ಬಂದ ಟೈಪ್‌-ಸಿ ಈ ಮಾತುಕತೆಗೆ ಸಿಸಿ ಎಂಬ ಪ್ರತ್ಯೇಕ ಪಿನ್ ಕೊಟ್ಟಿತು. ಫೋನಿನ ಕಡೆ ಆ ಪಿನ್ನಿಗೆ 5.1 ಕಿಲೋಓಮ್ ರೆಸಿಸ್ಟರ್ ಇರಬೇಕು. ಅದು ಕಾಣುವವರೆಗೆ ಸಿ-ಪೋರ್ಟಿನ ಅಡಾಪ್ಟರ್ ಕರೆಂಟನ್ನೇ ಬಿಡುವುದಿಲ್ಲ. ಅಗ್ಗದ ಟ್ರಿಮ್ಮರ್, ಇಯರ್‌ಬಡ್ಸ್ ಕೆಲವು, ಹಳೆಯ ಎ-ಯಿಂದ-ಸಿ (ಒಂದು ತುದಿ ಹಳೆಯ ಅಗಲ ಯುಎಸ್‌ಬಿ, ಇನ್ನೊಂದು ಟೈಪ್‌-ಸಿ) ಕೇಬಲಿನಲ್ಲಿ ಚಾರ್ಜ್ ಆಗಿ, ಸಿ-ಯಿಂದ-ಸಿ ಕೇಬಲಿನಲ್ಲಿ ಸತ್ತಂತಿರುವುದು ಇದಕ್ಕೇ. ತಯಾರಕರು ಖರ್ಚು ಉಳಿಸಲು ಆ ಪುಟ್ಟ ರೆಸಿಸ್ಟರನ್ನು ಹಾಕದೇ ಬಿಟ್ಟಿರುತ್ತಾರೆ. ಎ-ಯಿಂದ-ಸಿ ಕೇಬಲಿನೊಳಗೆ 56 ಕಿಲೋಓಮ್ ಇರಬೇಕಾದಲ್ಲಿ 10 ಇಟ್ಟರೆ ಅದು ‘3 ಆಂಪಿಯರ್ ಇದೆ’ ಎಂದು ಸುಳ್ಳು ಹೇಳಿದಂತೆ. ಫೋನು ಅದನ್ನು ನಂಬಿ, ಲ್ಯಾಪ್‌ಟಾಪಿನ ಬಡ ಪೋರ್ಟಿನಿಂದ ಮಿತಿಮೀರಿ ಎಳೆಯುತ್ತದೆ. ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲ್ಯೂಂಗ್ 2015ರಿಂದ ಇಂಥ ಕೇಬಲುಗಳನ್ನು ಒಂದೊಂದಾಗಿ ಪರೀಕ್ಷಿಸಿ ಹೊರಗೆಡವಿದರು. 2016ರ ಆರಂಭದಲ್ಲಿ ತಂತಿಗಳನ್ನೇ ತಪ್ಪಾಗಿ ಜೋಡಿಸಿದ್ದ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಕೆಡಿಸಿತು.

ಪವರ್ ಡೆಲಿವರಿ, ಅಂದರೆ ಪಿಡಿ, ಇದೇ ಸಿಸಿ ತಂತಿಯ ಮೇಲೆ ನಡೆಯುವ ಚೌಕಾಸಿ. ಅಡಾಪ್ಟರ್ ತನ್ನಲ್ಲಿ 5, 9, 15, 20 ವೋಲ್ಟ್ ಇದೆ ಎಂದು ಪಟ್ಟಿ ಕೊಡುತ್ತದೆ, ಫೋನು ತನಗೆ ಬೇಕಾದ್ದನ್ನು ಕೇಳುತ್ತದೆ, ಕೇಳದಿದ್ದರೆ 5ರಲ್ಲೇ ಇರುತ್ತದೆ. ಹಾಗಾಗಿ ಲ್ಯಾಪ್‌ಟಾಪಿನ 65 ವ್ಯಾಟ್ ಸಿ-ಚಾರ್ಜರನ್ನು ಫೋನಿಗೆ ಧಾರಾಳವಾಗಿ ಬಳಸಬಹುದು. 3 ಆಂಪಿಯರಿಗಿಂತ ಹೆಚ್ಚು ಬೇಕಾದರೆ ಗುರುತಿನ ಚಿಪ್ ಇರುವ 5 ಆಂಪಿಯರ್ ಕೇಬಲ್ ಇರಲೇಬೇಕು. ಸ್ಯಾಮ್‌ಸಂಗ್‌ನ 45 ವ್ಯಾಟ್ ವೇಗ ಸಿಗುತ್ತಿಲ್ಲ ಎನ್ನುವವರು ಮೊದಲು ಕೇಬಲ್ ನೋಡಲಿ, ಆಮೇಲೆ ಅಡಾಪ್ಟರಿನ ಮೇಲೆ ಪಿಪಿಎಸ್ (ಫೋನು ಕೇಳಿದಂತೆ ವೋಲ್ಟೇಜನ್ನು ಸಣ್ಣ ಹೆಜ್ಜೆಗಳಲ್ಲಿ ಬದಲಿಸುವ ಪಿಡಿ ಸೌಲಭ್ಯ) ಎಂದಿದೆಯೇ ನೋಡಲಿ. ಎರಡು ಮೂರು ಪೋರ್ಟ್ ಇರುವ ಅಡಾಪ್ಟರಿನಲ್ಲಿ ಇನ್ನೊಂದು ಫೋನು ಸಿಕ್ಕಿಸಿದ ಕ್ಷಣ ಮೊದಲನೆಯದು ಒಮ್ಮೆ ಕಡಿದು ಮತ್ತೆ ಶುರುವಾದರೆ ಗಾಬರಿ ಬೇಡ. ಇರುವ ವ್ಯಾಟುಗಳನ್ನು ಅದು ಹೊಸದಾಗಿ ಹಂಚುತ್ತಿರುತ್ತದೆ.

ಕಾನೂನು ನಿಧಾನವಾಗಿ ಹಿಂದೆ ಬಂತು. ಆ್ಯಪಲ್ 2020ರಲ್ಲಿ ಪೆಟ್ಟಿಗೆಯಿಂದ ಅಡಾಪ್ಟರನ್ನೇ ತೆಗೆಯಿತು. 2023ರ ಐಫೋನ್ 15ಕ್ಕೆ ಟೈಪ್‌-ಸಿ ಬಂತು. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಟೈಪ್‌-ಸಿ ಕಡ್ಡಾಯ. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಕರೆದ ಸಭೆಗಳಲ್ಲಿ ತಯಾರಕರು ಇದಕ್ಕೆ ಸಮ್ಮತಿಸಿದರು, ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಟೈಪ್‌-ಸಿ ಮಾನಕವನ್ನು ಪ್ರಕಟಿಸಿತು.

ಇಷ್ಟೆಲ್ಲ ಒಪ್ಪಂದ ನಡೆದದ್ದು ಅಡಾಪ್ಟರಿನಿಂದ ಹೊರಬರುವ ಕರೆಂಟಿನ ಬಗ್ಗೆ. ಜೀವ ತೆಗೆಯುವುದು ಒಳಗೆ ಹೋಗುವ ಕರೆಂಟು. ಅಡಾಪ್ಟರಿನೊಳಗೆ 230 ವೋಲ್ಟ್ ಮೊದಲು ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ಅಲ್ಲಿಂದ ನಿಮ್ಮ ಕೈಯಲ್ಲಿರುವ ಫೋನಿನ ನಡುವೆ ಇರುವುದು ಬೆರಳ ತುದಿಯಷ್ಟು ಟ್ರಾನ್ಸ್‌ಫಾರ್ಮರ್, ಬೆಳಕಿನ ಮೂಲಕ ಸಂಕೇತ ದಾಟಿಸುವ ಒಂದು ಆಪ್ಟೋಕಪ್ಲರ್, ಎರಡು ಬದಿಗಳ ನಡುವಿನ ಸುರಕ್ಷತಾ ಕೆಪಾಸಿಟರಾದ ಒಂದು ನೀಲಿ ವೈ-ಕೆಪಾಸಿಟರ್. ಒಳ್ಳೆಯ ಅಡಾಪ್ಟರಿನಲ್ಲಿ ಎರಡು ಬದಿಗಳ ನಡುವೆ ಐದಾರು ಮಿಲಿಮೀಟರ್ ಖಾಲಿ ಜಾಗ, ಟ್ರಾನ್ಸ್‌ಫಾರ್ಮರಿಗೆ ಮೂರು ಪದರದ ಹೊದಿಕೆಯ ತಂತಿ, ಒಳಬರುವಲ್ಲಿ ಫ್ಯೂಸ್ ಇರುತ್ತವೆ. ನಕಲಿಯಲ್ಲಿ ಆ ಜಾಗ ಒಂದು ಮಿಲಿಮೀಟರಿಗೂ ಇಳಿದಿರುತ್ತದೆ. ವೈ-ಕೆಪಾಸಿಟರ್ ಇರಬೇಕಾದಲ್ಲಿ ಸಾದಾ ಸೆರಾಮಿಕ್ ಕೆಪಾಸಿಟರ್ ಇರುತ್ತದೆ. ವೈ-ಕೆಪಾಸಿಟರನ್ನು ಶಾರ್ಟ್ ಆಗದಂತೆಯೇ ತಯಾರಿಸಿರುತ್ತಾರೆ. ಸಾದಾ ಕೆಪಾಸಿಟರ್ ಕೆಟ್ಟರೆ ಶಾರ್ಟ್ ಆಗಬಹುದು, ಆಗ ಫೋನಿನ ಲೋಹದ ಅಂಚು ಮೇನ್ಸ್ ಕರೆಂಟಿಗೆ ಸೇರಿದಂತಾಗುತ್ತದೆ. ಹಳೆಯ ಕಟ್ಟಡಗಳಲ್ಲಿ ನ್ಯೂಟ್ರಲ್ ಕಡಿದುಹೋದರೆ ಸಾಕೆಟ್ಟಿಗೆ 400 ವೋಲ್ಟಿನ ಹತ್ತಿರ ಬರುವುದುಂಟು. ಒಳಗಿನ 400 ವೋಲ್ಟ್ ಮಿತಿಯ ಕೆಪಾಸಿಟರ್ ಆಗ ಸಿಡಿಯುತ್ತದೆ. ಫ್ಯೂಸ್ ಇದ್ದರೆ ಸದ್ದಿಗೆ ಮುಗಿಯುತ್ತದೆ, ಇಲ್ಲದಿದ್ದರೆ ಬೆಂಕಿ.

ಡಬ್ಬಿ ಬಿಚ್ಚದೆಯೂ ಕೆಲವು ಕುರುಹುಗಳನ್ನು ಹಿಡಿಯಬಹುದು. ಬಿಐಎಸ್ ಗುರುತಿನ ಕೆಳಗೆ ‘ಆರ್‌’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ತಯಾರಕರ ಹೆಸರು, ಯಾವ ವಸ್ತುವಿಗೆ ಕೊಟ್ಟದ್ದು ಎಂಬುದು ಬರುತ್ತದೆ. ಸಂಖ್ಯೆ ಇದ್ದರೆ ಸಾಲದು, ಹೆಸರು ಡಬ್ಬಿಯ ಮೇಲಿನದಕ್ಕೆ ತಾಳೆಯಾಗಬೇಕು. ಚಾರ್ಜಿಗೆ ಹಾಕಿದಾಗ ಮಾತ್ರ ಟಚ್ ಸ್ಕ್ರೀನ್ ತಾನೇ ಒತ್ತಿದಂತೆ ಕುಣಿದರೆ, ಅಡಾಪ್ಟರಿನ ಫಿಲ್ಟರ್ ಕಳಪೆ ಎನ್ನಲು ಕಾರಣವಿದೆ. ಲೋಹದ ಫೋನಿನ ಮೇಲೆ ಬೆರಳು ಸವರಿದಾಗ ಸಣ್ಣಗೆ ಜುಮ್ ಎನ್ನುವುದು ಒಳ್ಳೆಯ ಎರಡು ಪಿನ್ ಅಡಾಪ್ಟರಿನಲ್ಲೂ ಉಂಟು. ಚುಚ್ಚಿದಂತಾದರೆ ಆ ಅಡಾಪ್ಟರನ್ನು ಅಂದೇ ಬಿಸಾಡಿ.

ಕೇಬಲಿನ ಲೆಕ್ಕ ಸುಲಭ. 28 ಗೇಜಿನ ತೆಳು ತಂತಿಯ ಒಂದು ಮೀಟರ್ ಕೇಬಲಿನಲ್ಲಿ 2 ಆಂಪಿಯರ್ ಹರಿದರೆ ಹೋಗಿ ಬರುವ ದಾರಿಯಲ್ಲೇ ಸುಮಾರು 0.85 ವೋಲ್ಟ್ ಕರಗುತ್ತದೆ. ಅದಕ್ಕಿಂತ ದಪ್ಪವಾದ 24 ಗೇಜಿನಲ್ಲಿ 0.35ಕ್ಕೂ ಕಡಿಮೆ. ವೋಲ್ಟೇಜು ಕುಸಿದದ್ದು ಕಂಡು ಫೋನು ಎಳೆಯುವುದನ್ನು ಕಡಿಮೆ ಮಾಡುತ್ತದೆ, ಬೈಗುಳ ಮಾತ್ರ ಚಾರ್ಜರಿಗೆ ಬೀಳುತ್ತದೆ. ಎಸ್‌.ಪಿ. ರಸ್ತೆಯಲ್ಲಿ ಸಿಗುವ ಪುಟ್ಟ ಯುಎಸ್‌ಬಿ ಮೀಟರನ್ನು ಕೇಬಲಿಗೂ ಅಡಾಪ್ಟರಿಗೂ ನಡುವೆ ಸಿಕ್ಕಿಸಿ ನೋಡಿ. 5 ವೋಲ್ಟ್ ಚಾರ್ಜಿನಲ್ಲಿ ಅಲ್ಲೇ 4.75ಕ್ಕಿಂತ ಕೆಳಗಿಳಿದರೆ ತಪ್ಪು ಅಡಾಪ್ಟರಿನದು. ಅಲ್ಲಿ ಸರಿಯಿದ್ದೂ ಚಾರ್ಜ್ ನಿಧಾನವಾದರೆ ಮೊದಲು ಕೇಬಲ್ ಬದಲಿಸಿ.

ಡೆಲಿವರಿ ಹುಡುಗರು, ಆಟೋದವರು ವಾಹನದ 12 ವೋಲ್ಟ್ ಬ್ಯಾಟರಿಯಿಂದ ಚಾರ್ಜ್ ಮಾಡುವಾಗ ಇನ್ನೆರಡು ಎಚ್ಚರ ಬೇಕು. ಅಗ್ಗದ ಯುಎಸ್‌ಬಿ ಸಾಕೆಟ್ಟಿನ ಸ್ವಿಚಿಂಗ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ 12 ವೋಲ್ಟ್ ನೇರ ಫೋನಿಗೆ ಬರುತ್ತದೆ. ತಡೆದುಕೊಳ್ಳುವ ರಕ್ಷಣೆ ಹಲವು ಫೋನುಗಳಲ್ಲಿದ್ದರೂ ಎಲ್ಲದರಲ್ಲೂ ಇಲ್ಲ. ಎರಡನೆಯದು ಮಳೆ. ಟೈಪ್‌-ಸಿಯಲ್ಲಿ ಪಿನ್ನಿಂದ ಪಿನ್ನಿಗೆ ಅರ್ಧ ಮಿಲಿಮೀಟರ್, ಸಿಸಿ ಪಿನ್ ಪಕ್ಕದಲ್ಲೇ ವೋಲ್ಟೇಜ್ ಪಿನ್. ಒದ್ದೆ ಪೋರ್ಟಿಗೆ ಕೇಬಲ್ ಹಾಕಿದರೆ ನಡುವೆ ಕರೆಂಟು ಸೋರಿ ಪಿನ್ ಕಪ್ಪಾಗುತ್ತದೆ. ಫೋನನ್ನು ಪೋರ್ಟ್ ಕೆಳಗಾಗಿ ಹಿಡಿದು ಅಂಗೈಗೆ ತಟ್ಟಿ ನೀರು ಉದುರಿಸಿ, ಗಾಳಿಗೆ ಇಟ್ಟು, ಪೂರ್ತಿ ಒಣಗಿದ ಮೇಲೆ ಹಾಕಿ. ಒಳಗೆ ಜೇಬಿನ ನೂಲು ಸೇರಿ ಪ್ಲಗ್ ಅರ್ಧಕ್ಕೇ ನಿಲ್ಲುತ್ತಿದ್ದರೆ, ಫೋನು ಆಫ್ ಮಾಡಿ ಒಣ ಮರದ ಹಲ್ಲುಕಡ್ಡಿಯಿಂದ ಎತ್ತಿ ತೆಗೆಯಿರಿ. ಸೂಜಿ, ಸೇಫ್ಟಿ ಪಿನ್ ಬೇಡ.