ಕಾರು ಒಂದೇ ಕಡೆ ಎಳೆದರೆ ತಪ್ಪು ಅಲೈನ್‌ಮೆಂಟಿನದ್ದೇನಾ?

ಹಳೇ ಕಾರು ಎಡಕ್ಕೋ ಬಲಕ್ಕೋ ಎಳೆಯಲು ಶುರುಮಾಡಿತು ಅಂದರೆ ಕೇಳಿದವರೆಲ್ಲ ಹೇಳುವ ಮದ್ದು ಒಂದೇ: ‘ಅಲೈನ್‌ಮೆಂಟ್ ಮಾಡಿಸಿಬಿಡಿ’. ಅಂದರೆ ಚಕ್ರಗಳ ಕೋನಗಳನ್ನು ಯಂತ್ರದಲ್ಲಿ ಅಳೆದು ಸರಿಮಾಡಿಸುವುದು. ಸರಿ, ಮಾಡಿಸುತ್ತೇವೆ. ಯಂತ್ರದ ಪರದೆ ಮೇಲೆ ಕೆಂಪಗಿದ್ದ ‘ಟೋ’ ಎಂಬ ಕೋನದ ಅಂಕಿ ಹಸಿರಾಗುತ್ತದೆ. ಕಾರು ಮಾತ್ರ ಮೊದಲು ಎಳೆಯುತ್ತಿದ್ದ ಕಡೆಗೇ ಎಳೆಯುತ್ತದೆ. ಆಮೇಲೆ ‘ಗಾಡಿಗೆ ವಯಸ್ಸಾಯ್ತು, ಇನ್ನೇನು ಮಾಡೋದು’ ಎಂಬ ಸಮಾಧಾನ.

ನನಗೆ ಈ ಸಮಾಧಾನ ಒಪ್ಪಿಗೆಯಿಲ್ಲ. ಎರಡೂ ಕಡೆ ಒಂದೇ ಸಮನಾಗಿ ಸವೆದ ಕಾರು ಎಷ್ಟೇ ಹಳೆಯದಾದರೂ ನೇರವಾಗಿಯೇ ಹೋಗುತ್ತದೆ. ಎಳೆತ ಹುಟ್ಟಬೇಕಾದರೆ ಎಡಕ್ಕೂ ಬಲಕ್ಕೂ ಏನಾದರೂ ವ್ಯತ್ಯಾಸ ಇರಲೇಬೇಕು. ಅದನ್ನು ಹುಡುಕುವುದೇ ಕೆಲಸ.

ಮೊದಲು ಟೋ ವಿಷಯ ಮುಗಿಸಿಬಿಡೋಣ. ಮುಂದಿನ ಎರಡು ಚಕ್ರಗಳನ್ನು ಮೇಲಿನಿಂದ ನೋಡಿದರೆ ಅವುಗಳ ಮೂತಿ ಒಳಕ್ಕೆ ತಿರುಗಿದೆಯೋ ಹೊರಕ್ಕೋ ಎಂಬುದೇ ಟೋ. ಅಲೈನ್‌ಮೆಂಟ್ ಹೆಸರಲ್ಲಿ ಬಹಳಷ್ಟು ಸಲ ಸರಿಮಾಡುವುದು ಇದೊಂದನ್ನೇ. ತಮಾಷೆ ಏನಪ್ಪಾ ಅಂದರೆ, ಮುಂದಿನ ಚಕ್ರಗಳ ಟೋ ತಪ್ಪಿದ್ದಕ್ಕೇ ಕಾರು ಒಂದು ಕಡೆ ಎಳೆಯುವುದು ಅಪರೂಪ. ಆ ಎರಡೂ ಚಕ್ರಗಳನ್ನು ಟೈ ರಾಡುಗಳೆಂಬ ಕಂಬಿಗಳು, ಸ್ಟೀರಿಂಗ್ ತಿರುಗಿಸಿದಾಗ ಎಡಕ್ಕೂ ಬಲಕ್ಕೂ ಸರಿಯುವ ಒಂದೇ ಸ್ಟೀರಿಂಗ್ ರ‍್ಯಾಕಿಗೆ ಕಟ್ಟಿಹಾಕಿವೆ. ಎಡ ಚಕ್ರ 2 ಮಿ.ಮೀ. ಒಳಕ್ಕೆ ತಿರುಗಿದೆ, ಬಲ ಚಕ್ರ ನೇರ ಇದೆ ಎಂದುಕೊಳ್ಳಿ. ಕಾರು ಓಡತೊಡಗಿದ ಕೂಡಲೇ ಎಡ ಚಕ್ರ ತಾನು ನೇರವಾಗಲು ನೋಡುತ್ತದೆ. ಹಾಗೆ ತಿರುಗುವಾಗ ರ‍್ಯಾಕನ್ನೂ, ಅದರ ಮೂಲಕ ಬಲ ಚಕ್ರವನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಎರಡೂ ತಲಾ 1 ಮಿ.ಮೀ. ಒಳಕ್ಕೆ ನೋಡುವಂತಾದಾಗ ಜಗಳ ಸಮ. ಕಾರು ನೇರ ಹೋಗುತ್ತದೆ, ಸ್ಟೀರಿಂಗ್ ಚಕ್ರ ಸೊಟ್ಟಗೆ ನಿಲ್ಲುತ್ತದೆ, ಟಯರಿನ ಅಂಚು ಬೇಗ ಸವೆಯುತ್ತದೆ. ಸ್ಟೀರಿಂಗ್ ಸೊಟ್ಟ ಇದ್ದು ಕಾರು ನೇರ ಹೋಗುವುದು ಒಂದು ಕಾಯಿಲೆ, ಕೈ ಸಡಿಲ ಬಿಟ್ಟರೆ ಕಾರು ಪಕ್ಕಕ್ಕೆ ಜಾರುವುದು ಬೇರೆಯೇ ಕಾಯಿಲೆ. ಎರಡಕ್ಕೂ ಒಂದೇ ಮದ್ದು ಕೊಟ್ಟರೆ ಹೇಗೆ? ಹಿಂದಿನ ಚಕ್ರಗಳ ಕಥೆ ಬೇರೆ. ಅವನ್ನು ಸ್ಟೀರಿಂಗಿಗೆ ಕಟ್ಟಿಲ್ಲ, ಹಾಗಾಗಿ ಅಲ್ಲಿನ ತಪ್ಪು ತಾನಾಗಿ ಸಮವಾಗುವುದಿಲ್ಲ. ಕಾರು ಸ್ವಲ್ಪ ಓರೆಯಾಗಿ ಓಡುತ್ತದೆ.

ಎರಡನೇ ಆರೋಪಿ ರಸ್ತೆ. ಮಳೆ ನೀರು ಹರಿದುಹೋಗಲಿ ಎಂದು ರಸ್ತೆಯನ್ನು ನಡುವೆ ಎತ್ತರ, ಅಂಚಿಗೆ ತಗ್ಗು ಮಾಡಿರುತ್ತಾರೆ. ಇಳಿಜಾರು ಸುಮಾರು 2 ಶೇಕಡ ಅಂದರೂ 1000 ಕೆ.ಜಿ. ಕಾರನ್ನು ಅದು ಹೆಚ್ಚುಕಡಿಮೆ 20 ಕೆ.ಜಿ. ತೂಕದಷ್ಟು ಬಲದಿಂದ ಅಂಚಿನ ಕಡೆಗೆ ನೂಕುತ್ತಲೇ ಇರುತ್ತದೆ. ಅದಕ್ಕೇ ಪರೀಕ್ಷೆಯನ್ನು ಸಮತಟ್ಟಾದ, ಖಾಲಿ ಜಾಗದಲ್ಲಿ ಮಾಡಬೇಕು. ಅದೇ ಜಾಗದಲ್ಲಿ ಎದುರು ದಿಕ್ಕಿಗೂ ಓಡಿಸಿ ನೋಡಬೇಕು. ಕೈ ಪೂರ್ತಿ ಬಿಡಬೇಡಿ, ಹಿಡಿತ ಸಡಿಲಿಸಿದರೆ ಸಾಕು.

ಇನ್ನು ಟಯರು. ಹವಾ ಕಡಿಮೆ ಇರುವ ಕಡೆಗೆ ಕಾರು ಎಳೆಯುತ್ತದೆ, ಇದು ಎಲ್ಲರಿಗೂ ಗೊತ್ತು. ಟಯರು ತಣ್ಣಗಿರುವಾಗ ಅಳೆಯಿರಿ, ಅಷ್ಟೇ. ಆದರೆ ಹವಾ ಸರಿಯಿದ್ದೂ ಟಯರೇ ಕಾರನ್ನು ಎಳೆಯಬಲ್ಲದು ಎಂದರೆ ಜನ ನಂಬುವುದಿಲ್ಲ. ‘ಮೊನ್ನೆ ತಾನೆ ಹೊಸದು ಹಾಕಿಸಿದ್ದು’ ಅನ್ನುತ್ತಾರೆ. ಹೊಸದೂ ಎಳೆಯಬಹುದು! ಮಿಷಲಿನ್ ಕಂಪನಿ 1946ರಲ್ಲಿ ರೇಡಿಯಲ್ ಟಯರಿಗೆ ಪೇಟೆಂಟ್ ಪಡೆದು 1949ರಲ್ಲಿ ಮಾರಾಟಕ್ಕೆ ತಂದಿತು. ಇವತ್ತಿನ ಕಾರುಗಳಲ್ಲಿ ಇರುವುದು ಹೆಚ್ಚುಕಡಿಮೆ ಅದೇ ಬಗೆಯದು. ಅದರ ರಬ್ಬರಿನಡಿ ಉಕ್ಕಿನ ತಂತಿಗಳ ಪಟ್ಟಿ ಸುತ್ತಿರುತ್ತದೆ. ತಯಾರಾಗುವಾಗ ಆ ಪಟ್ಟಿ ನಡುವಿನಿಂದ ಒಂದಿಷ್ಟು ಪಕ್ಕಕ್ಕೆ ಸರಿದು ಕೂತರೂ ಟಯರಿನ ಒಂದು ಅಂಚು ಬಿಗಿ, ಇನ್ನೊಂದು ಮೆತ್ತಗೆ. ಭಾರ ಬಿದ್ದಾಗ ಮೆತ್ತನೆಯ ಕಡೆ ಜಾಸ್ತಿ ಕುಸಿಯುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಉರುಳುವಾಗ ಅದು ಉರುಳೆಯಾಗಿ ಉಳಿದಿರುವುದಿಲ್ಲ. ಬಾಯಿ ಅಗಲ, ತಳ ಚಿಕ್ಕದಾದ ಲೋಟವನ್ನು ನೆಲದ ಮೇಲೆ ಉರುಳಿಸಿ ನೋಡಿ. ನೇರ ಹೋಗುತ್ತದಾ? ತಳದ ಕಡೆಗೆ ತಿರುಗುತ್ತಾ ಸುತ್ತು ಹೊಡೆಯುತ್ತದೆ. ಆ ಟಯರೂ ಹಾಗೇ ಪಕ್ಕಕ್ಕೆ ಒತ್ತುತ್ತದೆ.

ಇದನ್ನು ಹಿಡಿಯಲು ಜ್ಯಾಕ್ ಮತ್ತು ಪಾನಾ ಸಾಕು. ಮುಂದಿನ ಎರಡು ಚಕ್ರಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ. ಮೊದಲು ಎಡಕ್ಕೆ ಎಳೆಯುತ್ತಿದ್ದ ಕಾರು ಈಗ ಬಲಕ್ಕೆ ಎಳೆದರೆ ಕಳ್ಳ ಸಿಕ್ಕಿದ. ಎಳೆತ ಅದೇ ಕಡೆ ಉಳಿದರೆ ಟಯರು ನಿರಪರಾಧಿ. ಟಯರಿನ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಈ ಅದಲುಬದಲು ಬೇಡ. ಆಗ ಅದೇ ಪಕ್ಕದ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ನೋಡಬಹುದು.

ಟಯರು ನಿರಪರಾಧಿಯಾದರೆ ಮುಂದಿನ ಅನುಮಾನ ಚಕ್ರದ ಇನ್ನೆರಡು ಕೋನಗಳ ಮೇಲೆ. ಕ್ಯಾಂಬರ್ ಎಂದರೆ ಕಾರಿನ ಎದುರಿನಿಂದ ನೋಡಿದಾಗ ಚಕ್ರ ನಿಂತಿರುವ ಓರೆ. ತಲೆ ಹೊರಕ್ಕೆ ಹೆಚ್ಚು ವಾಲಿದ ಚಕ್ರದ ಕಡೆಗೆ ಕಾರು ಎಳೆಯುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಯಾವ ಅಕ್ಷದ ಸುತ್ತ ತಿರುಗುತ್ತದೋ ಅದು ಪಕ್ಕದಿಂದ ನೋಡಿದಾಗ ಹಿಂದಕ್ಕೆ ವಾಲಿರುವ ಕೋನವೇ ಕ್ಯಾಸ್ಟರ್. ಅದರಲ್ಲಿ ವ್ಯತ್ಯಾಸ ಬಂದರೆ ಕಾರು ಎಳೆಯುವುದು ಅದು ಕಡಿಮೆ ಇರುವ ಕಡೆಗೆ. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಎಂಜಿನಿಯರ್ ರೂಪಿಸಿದ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿ ಚಕ್ರವನ್ನು ಹಿಡಿದಿಡುವ ಕಂಬ) 1950ರ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಬಂತು. ಭಾಗಗಳು ಕಡಿಮೆ, ಖರ್ಚು ಕಡಿಮೆ, ಎಂಜಿನ್ನಿಗೆ ಜಾಗ ಜಾಸ್ತಿ. ಹಾಗಾಗಿ ಸಣ್ಣ ಕಾರುಗಳೆಲ್ಲ ಅದನ್ನೇ ಅಪ್ಪಿಕೊಂಡವು. ಇಂಥ ಎಷ್ಟೋ ಕಾರುಗಳಲ್ಲಿ ಕ್ಯಾಂಬರ್, ಕ್ಯಾಸ್ಟರ್ ಎರಡನ್ನೂ ತಿರುಗಿಸಿ ಸರಿಮಾಡುವ ಬೋಲ್ಟೇ ಇರುವುದಿಲ್ಲ. ಪರದೆ ಮೇಲೆ ಆ ಅಂಕಿ ಕೆಂಪಗಿದ್ದರೆ ‘ಅದು ಅಡ್ಜಸ್ಟ್ ಆಗಲ್ಲ ಸಾರ್’ ಎಂದು ಮುಂದೆ ಹೋಗುತ್ತಾರೆ. ಅಯ್ಯೋ, ಸುಳಿವು ಇರುವುದೇ ಅಲ್ಲಿ! ಸರಿಮಾಡಲು ಬರದ ಕೋನ ತಾನಾಗಿ ಬದಲಾಗಿದೆ ಎಂದರೆ ಏನೋ ಬಗ್ಗಿದೆ ಅಥವಾ ಸವೆದಿದೆ. ಗುಂಡಿಗೆ ಬಿದ್ದು ಬಗ್ಗಿದ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಇರಬಹುದು, ಅದು ಕೂರುವ ಕಡೆ ಹರಿದ ರಬ್ಬರ್ ಬುಷ್ ಇರಬಹುದು, ಸಡಿಲವಾದ ಬಾಲ್ ಜಾಯಿಂಟ್ (ತೋಳಿನ ತುದಿಯ ಗುಂಡು ಕೀಲು) ಇರಬಹುದು. ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆ, ಕಾಲು ತೆಗೆದಾಗ ಇನ್ನೊಂದು ಕಡೆ ಎಳೆಯುತ್ತಿದ್ದರೆ ಮೊದಲು ಆ ಬುಷ್ ನೋಡಿಸಿ.

ನನಗೆ ಬಲು ಇಷ್ಟದ ಕಾರಣ ಬ್ರೇಕಿನ ರಬ್ಬರ್ ಪೈಪು. ಡಿಸ್ಕ್ ಬ್ರೇಕಿನಲ್ಲಿ ಪಿಸ್ಟನ್ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಕಾಲು ತೆಗೆದಾಗ ಅದನ್ನು ಹಿಂದಕ್ಕೆ ಎಳೆಯುವವರು ಯಾರು? ಡ್ರಮ್ ಬ್ರೇಕಿನಲ್ಲಿ ಸ್ಪ್ರಿಂಗ್ ಇರುತ್ತದೆ. ಇಲ್ಲಿರುವುದು ಪಿಸ್ಟನ್ನಿನ ಸುತ್ತ ಉಂಗುರದಂತೆ ಕೂತ, ಅಡ್ಡ ಕೊಯ್ದರೆ ಚೌಕಾಕಾರ ಕಾಣುವ ರಬ್ಬರ್ ಸೀಲ್ ಮಾತ್ರ. ಪಿಸ್ಟನ್ ಮುಂದೆ ಹೋಗುವಾಗ ಆ ರಬ್ಬರ್ ಸ್ವಲ್ಪ ತಿರುಚಿಕೊಳ್ಳುತ್ತದೆ. ಒತ್ತಡ ಹೋದ ಕೂಡಲೇ ಹಳೇ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಪ್ಯಾಡು ಡಿಸ್ಕನ್ನು ಬಿಡಲು ಅಷ್ಟು ಸಾಕು.

ವರ್ಷಗಳು ಕಳೆದಂತೆ ಕ್ಯಾಲಿಪರಿಗೆ (ಪಿಸ್ಟನ್, ಪ್ಯಾಡುಗಳನ್ನು ಹಿಡಿದಿರುವ ಭಾಗಕ್ಕೆ) ಬ್ರೇಕ್ ಎಣ್ಣೆ ಒಯ್ಯುವ ರಬ್ಬರ್ ಪೈಪಿನ ಒಳಪದರ ಊದಿಕೊಳ್ಳುತ್ತದೆ, ಸಿಪ್ಪೆ ಏಳುತ್ತದೆ. ಹೊರಗಿನಿಂದ ಪೈಪು ಚೆನ್ನಾಗಿಯೇ ಕಾಣುತ್ತದೆ. ಪೆಡಲ್ ಒತ್ತಿದಾಗಿನ ಒತ್ತಡ ಎಷ್ಟು ಜೋರೆಂದರೆ ಎಣ್ಣೆ ಆ ಕಿರಿದಾದ ದಾರಿಯಲ್ಲೂ ನುಗ್ಗಿಬಿಡುತ್ತದೆ. ವಾಪಸು ಬರಲು ಇರುವುದು ಆ ಬಡಪಾಯಿ ಸೀಲಿನ ಶಕ್ತಿ ಮಾತ್ರ. ಎಣ್ಣೆ ಒಳಗೇ ಸಿಕ್ಕಿಬೀಳುತ್ತದೆ, ಆ ಚಕ್ರದ ಬ್ರೇಕ್ ಹಿಡಿದೇ ಇರುತ್ತದೆ, ಕಾರು ಅತ್ತ ಎಳೆಯುತ್ತದೆ. ಜೋರಾಗಿ ಬ್ರೇಕ್ ಹಾಕದೆ ಒಂದಷ್ಟು ದೂರ ಓಡಿಸಿ ನಿಲ್ಲಿಸಿ, ಎರಡೂ ಮುಂದಿನ ಚಕ್ರಗಳ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ, ಸುಡಬಹುದು. ಒಂದೇ ಕಡೆ ಜಾಸ್ತಿ ಕಾವಿದ್ದರೆ ಅನುಮಾನ ಗಟ್ಟಿ. ಮೆಕ್ಯಾನಿಕ್ ಆ ಚಕ್ರವನ್ನು ಎತ್ತಿ, ಬ್ರೇಕ್ ಒತ್ತಿ ಬಿಟ್ಟು, ಕ್ಯಾಲಿಪರಿನಿಂದ ಎಣ್ಣೆ ಹೊರಬಿಡುವ ಬ್ಲೀಡ್ ಸ್ಕ್ರೂ ಸ್ವಲ್ಪ ಸಡಿಲಿಸಲಿ. ಎಣ್ಣೆ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿದರೆ ಒಳಗೆ ಒತ್ತಡ ಸಿಕ್ಕಿಕೊಂಡಿತ್ತು ಎಂದರ್ಥ, ಪೈಪನ್ನು ಅನುಮಾನಿಸಿ. ಆಮೇಲೂ ಬಿಗಿಯಾಗೇ ಇದ್ದರೆ ಪಿಸ್ಟನ್ನಿಗೆ ತುಕ್ಕು ಹಿಡಿದಿದೆ, ಇಲ್ಲವೇ ಕ್ಯಾಲಿಪರ್ ಜಾರುವ ಪಿನ್ನು ಒಣಗಿ ಕಚ್ಚಿಕೊಂಡಿದೆ.

ಬ್ರೇಕ್ ಹಾಕಿದಾಗ ಮಾತ್ರ ಎಳೆಯುವ ಕಾರಿನಲ್ಲಿ ಲೆಕ್ಕ ತಿರುಗುಮುರುಗು. ಬಲಕ್ಕೆ ಎಳೆದರೆ ಸರಿಯಾಗಿ ಕೆಲಸ ಮಾಡುತ್ತಿರುವುದು ಬಲಗಡೆ ಬ್ರೇಕು, ಸೋಮಾರಿ ಎಡಗಡೆಯದು. 1972ರ ಆಡಿ 80 ಕಾರಿನ ಮುಂದಿನ ಚಕ್ರಗಳ ಜ್ಯಾಮಿತಿ ಎಷ್ಟು ಜಾಣತನದ್ದೆಂದರೆ, ಒಂದು ಬ್ರೇಕ್ ಜಾಸ್ತಿ ಹಿಡಿದರೆ ಚಕ್ರಗಳು ತಾವಾಗಿ ಎದುರು ದಿಕ್ಕಿಗೆ ತುಸು ತಿರುಗಿ ಎಳೆತವನ್ನು ನುಂಗಿಬಿಡುತ್ತಿದ್ದವು. ಆಮೇಲೆ ಬಂದ ಎಷ್ಟೋ ಕಾರುಗಳಲ್ಲೂ ಇದೇ ಉಪಾಯ ಇದೆ. ಹಾಗಾಗಿ ಎಳೆತ ಕಾಣಿಸದಿದ್ದರೂ ಬ್ರೇಕ್ ಸಮವಾಗಿಲ್ಲದೆ ಇರಬಹುದು.

ಕೊನೆಗೊಂದು ವಿಚಿತ್ರ ಕೇಸು. ಬಲಕ್ಕೆ ತಿರುಗಿಸಿದ ಮೇಲೆ ಕಾರು ಬಲಕ್ಕೇ ಎಳೆಯುತ್ತದೆ, ಎಡಕ್ಕೆ ತಿರುಗಿಸಿದ ಮೇಲೆ ಎಡಕ್ಕೆ. ಇದಕ್ಕೆ ಸಾಮಾನ್ಯವಾಗಿ ಸ್ಟ್ರಟ್ಟಿನ ತಲೆಯಲ್ಲಿರುವ ಬೇರಿಂಗ್ ಬಿಗಿಯಾಗಿರುವುದು ಕಾರಣ, ಇಲ್ಲವೇ ಬಾಲ್ ಜಾಯಿಂಟು. ಸ್ಟೀರಿಂಗ್ ಬಿಟ್ಟರೂ ಚಕ್ರ ಪೂರ್ತಿ ವಾಪಸು ಬರುವುದಿಲ್ಲ. ಬೇರಿಂಗ್ ಬದಲಿಸಲು ಸ್ಟ್ರಟ್ ಬಿಚ್ಚಲೇಬೇಕು, ಬಿಚ್ಚಿದರೆ ಕೋನಗಳು ಅಲ್ಲಾಡುತ್ತವೆ. ಆಗ ಧಾರಾಳವಾಗಿ ಅಲೈನ್‌ಮೆಂಟ್ ಮಾಡಿಸಿ.