ಡಿಕಾನ್‌ಫ್ಲಿಕ್ಷನ್ ಅಂದ್ರೆ ಏನು?

ಯುದ್ಧದ ಸುದ್ದಿ ಓದೋರಿಗೆ ಈ ಪದ ಸಿಗೋದು ಹೆಚ್ಚಾಗಿ ಯಾವುದಾದ್ರೂ ಆಸ್ಪತ್ರೆ ಮೇಲೋ ಪರಿಹಾರದ ಗಾಡಿ ಮೇಲೋ ಬಾಂಬ್ ಬಿದ್ದ ಮಾರನೇ ದಿನ. ವಿಷಯ ಇಷ್ಟೇ, ನೆರವು ಕೊಡೋ ಸಂಸ್ಥೆಗಳು ತಮ್ಮ ಆಸ್ಪತ್ರೆ, ಗೋಡೌನ್, ಸಿಬ್ಬಂದಿ ಇರೋ ಮನೆ ಎಲ್ಲೆಲ್ಲಿದೆ ಅಂತ ಜಿಪಿಎಸ್ ಸಮೇತ, ಗಾಡಿ ಹೊರಡೋದಿದ್ರೆ ಯಾವ ದಾರಿ, ಎಷ್ಟು ಹೊತ್ತಿಗೆ ಅಂತ, ಹೊಡೆದಾಡ್ತಿರೋ ಸೇನೆಗಳಿಗೆ ಮೊದಲೇ ತಿಳಿಸ್ತಾರೆ, ತಪ್ಪಿ ಅವುಗಳ ಮೇಲೆ ದಾಳಿ ಆಗದಿರ್ಲಿ ಅಂತ. ಇದನ್ನೇ ಡಿಕಾನ್‌ಫ್ಲಿಕ್ಷನ್ ಅನ್ನೋದು. ಎಷ್ಟೋ ಕಡೆ ವಿಶ್ವಸಂಸ್ಥೆಯಲ್ಲಿ ನೆರವಿನ ಕೆಲಸ ಹೊಂದಿಸೋ ಓಚಾ (OCHA) ಕಚೇರಿ ಮಧ್ಯೆ ನಿಂತು ಈ ಮಾಹಿತಿ ದಾಟಿಸುತ್ತೆ.

ಇದನ್ನ ತುಂಬಾ ಜನ ಪರ್ಮಿಷನ್ ಅಂದ್ಕೊಂಡುಬಿಡ್ತಾರೆ, ಅಲ್ಲ. ಯುದ್ಧದ ನಿಯಮ ಹೇಳೋ 1949ರ ಜಿನೀವಾ ಒಪ್ಪಂದಗಳು, ಅವಕ್ಕೆ 1977ರಲ್ಲಿ ಸೇರಿಸಿದ ಪ್ರೋಟೋಕಾಲ್‌ಗಳ ಪ್ರಕಾರ ಜನಸಾಮಾನ್ಯರನ್ನ, ಆಸ್ಪತ್ರೆಯನ್ನ ಗುರಿ ಮಾಡೋ ಹಾಗೇ ಇಲ್ಲ, ಅವರು ಲೊಕೇಶನ್ ಕೊಟ್ಟಿರ್ಲಿ ಬಿಟ್ಟಿರ್ಲಿ. ಆಸ್ಪತ್ರೆಯೊಳಗಿಂದ ಶತ್ರು ದಾಳಿ ಮಾಡ್ತಿದ್ದಾನೆ ಅಂದ್ರೂ ಮೊದಲು ಎಚ್ಚರಿಕೆ ಕೊಟ್ಟು, ಅದನ್ನ ನಿಲ್ಲಿಸೋಕೆ ಟೈಮ್ ಕೊಡ್ಬೇಕು. ಹಂಗಾಗಿ 'ನಮಗೆ ಯಾರೂ ಹೇಳಿರ್ಲಿಲ್ಲ' ಅನ್ನೋ ಒಂದೇ ಮಾತು ಸಮಜಾಯಿಷಿ ಆಗಲ್ಲ, ಗುರಿ ಯಾವುದು ಅಂತ ಪರೀಕ್ಷೆ ಮಾಡೋ ಜವಾಬ್ದಾರಿ ಹೊಡೆಯೋನ ಮೇಲೇ ಇರುತ್ತೆ.

ಹೇಳಿದ್ರೂ ಏನಾಗುತ್ತೆ ಅನ್ನೋದಕ್ಕೆ ಅಫ್ಘಾನಿಸ್ತಾನದ ಕುಂದೂಜ್ ನೋಡಿ. ಅಲ್ಲಿದ್ದ ಎಂಎಸ್‌ಎಫ್ (ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್) ಸಂಸ್ಥೆಯ ಟ್ರಾಮಾ ಆಸ್ಪತ್ರೆಯ ಲೊಕೇಶನ್ ಅಮೆರಿಕದ ಸೇನೆ ಹತ್ರ ಇತ್ತು, ಆದ್ರೂ 2015ರ ಅಕ್ಟೋಬರ್ 3ರ ಬೆಳಗಿನ ಜಾವ ಅದೇ ಸೇನೆಯ ಎಸಿ-130 ವಿಮಾನ ಅದರ ಮೇಲೆ ದಾಳಿ ಮಾಡ್ತು, ಸಂಸ್ಥೆಯವರು ಫೋನ್ ಮಾಡಿ ನಿಲ್ಲಿಸಿ ಅಂದ್ಮೇಲೂ ಅದು ಮುಂದುವರೀತು, 42 ಜನ ಸತ್ರು. ಹೊಡೀಬಾರದ ಜಾಗಗಳ ಲಿಸ್ಟ್ ಇತ್ತು, ವಿಮಾನ ಅವಸರದಲ್ಲಿ ಹೊರಟಿದ್ರಿಂದ ಅದರಲ್ಲಿದ್ದವರ ಕೈಗೆ ಅದು ಸಿಕ್ಕಿರ್ಲಿಲ್ಲ ಅಂತ ಆಮೇಲೆ ತನಿಖೇಲಿ ಗೊತ್ತಾಯ್ತು. ನನ್ನ ಕೇಳಿದ್ರೆ ಈ ವ್ಯವಸ್ಥೆ ಎಡವೋದು ಇಲ್ಲೇ, ಕಚೇರಿ ಫೈಲಿಂದ ಟ್ರಿಗರ್ ಒತ್ತೋನವರೆಗಿನ ದಾರೀಲಿ.

ಗಾಜಾದಲ್ಲಿ 2024ರ ಏಪ್ರಿಲ್ 1ಕ್ಕೆ ಊಟ ಹಂಚೋ ನೆರವು ಸಂಸ್ಥೆ ವರ್ಲ್ಡ್ ಸೆಂಟ್ರಲ್ ಕಿಚನ್‌ನ ಏಳು ಜನ ಇಸ್ರೇಲಿ ದಾಳೀಲಿ ಸತ್ತಿದ್ದೂ ಇಸ್ರೇಲಿ ಸೇನೆ ಜೊತೆ ಮೊದಲೇ ಮಾತಾಡ್ಕೊಂಡು ಹೊರಟಿದ್ದ ಗಾಡಿಗಳಲ್ಲೇ. ಸೇನೆ ಗಂಭೀರ ತಪ್ಪು ಅಂತ ಒಪ್ಕೊಂಡು ಇಬ್ಬರು ಅಧಿಕಾರಿಗಳನ್ನ ಕೆಲಸದಿಂದ ತೆಗೀತು.

ಸಿರಿಯಾದಲ್ಲಂತೂ ಕೆಲವು ಡಾಕ್ಟರ್‌ಗಳಿಗೆ ಲೊಕೇಶನ್ ಕೊಡೋದೇ ಭಯ ಆಗೋಯ್ತು, ನಾವು ಕೊಟ್ಟ ಪಟ್ಟಿ ನೋಡ್ಕೊಂಡೇ ಹೊಡೀತಿದ್ದಾರೇನೋ ಅಂತ. ಆ ಪಟ್ಟೀಲಿದ್ದ ಜಾಗಗಳ ಮೇಲೂ ದಾಳಿ ಆಗಿದ್ದು ನಿಜ, ವಿಶ್ವಸಂಸ್ಥೆಯೇ 2019ರಲ್ಲಿ ಅದರ ವಿಚಾರಣೆಗೆ ಒಂದು ಮಂಡಳಿ ಮಾಡ್ಬೇಕಾಯ್ತು.

ಇಷ್ಟಾದ್ರೂ ಸಂಸ್ಥೆಗಳು ಮಾಹಿತಿ ಕೊಡ್ತಾನೇ ಇರ್ತಾರೆ ಯಾಕಂದ್ರೆ ಎಷ್ಟೋ ಗಾಡಿಗಳು ಚೆಕ್‌ಪೋಸ್ಟ್ ದಾಟೋದೇ ಇದರಿಂದ, ಅದೂ ಅಲ್ದೆ ನಾಳೆ ದಾಳಿ ಆಗಿ ವಿಚಾರಣೆ ನಡೆದ್ರೆ ಸೇನೆಗೆ ಗೊತ್ತಿತ್ತು ಅನ್ನೋದಕ್ಕೆ ತಾರೀಕು ಸಮೇತ ಒಂದು ದಾಖಲೆ ಇರುತ್ತೆ.